ನಡುಮನೆಗೆ ಬೂದು ಬಣ್ಣ ಆರಿಸಿದ ನನ್ನ ಅನುಭವ

ಮೈಸೂರಿನ ನಮ್ಮ ಮನೆ ತಂದೆಯವರ ಕಾಲದ್ದು. ನಡುಮನೆಗೆ ರೆಡ್ ಆಕ್ಸೈಡ್ ನೆಲ, ಉತ್ತರಕ್ಕೆ ಎರಡು ದೊಡ್ಡ ಕಿಟಕಿಗಳು, ಪಶ್ಚಿಮಕ್ಕೊಂದು ಸಣ್ಣ ಕಿಟಕಿ, ಅದರಾಚೆ ಮಾವಿನ ಮರ. ಈ ನಡುಮನೆಗೆ ತಿಳಿ ಬೂದು ಬಣ್ಣ ಬಳಿಸಲು ಹೊರಟು ಮೊದಲ ಸಲ ಸೋತು, ಎರಡನೆಯ ಸಲ ಮನಸ್ಸಿಗೊಪ್ಪುವ ಬಣ್ಣ ಸಿಕ್ಕಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಲ ನಾನು ಅಂಗಡಿಯಲ್ಲಿ ನಿಂತು, ಶೇಡ್ ಕಾರ್ಡಿನಲ್ಲಿದ್ದ ಎರಡು ಬೆರಳಗಲದ ತುಣುಕನ್ನು ನೋಡಿ, ಯಾವುದು ಅಪ್ಪಟ ಬೂದು ಎನಿಸಿತೋ ಅದನ್ನೇ ತಂದೆ. ಪೇಂಟರ್ ಎರಡನೆಯ ಕೋಟು ಮುಗಿಸಿದ ದಿನ ಸಂಜೆ ಟ್ಯೂಬ್‌ಲೈಟ್ ಹಾಕಿದಾಗ ಅಮ್ಮ ಬಾಗಿಲಲ್ಲೇ ನಿಂತು, "ಬೂದಿ ಬಣ್ಣ ಅಂದಿದ್ದೆಯಲ್ಲೋ, ಇದು ನೀಲಿಯಲ್ಲವೇ?" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಗೋಡೆಯ ಮೇಲ್ಭಾಗ ತಿಳಿನೀಲಿಯಾಗಿ ಕಾಣುತ್ತಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ನೆಲದಿಂದ ಸೊಂಟದೆತ್ತರದವರೆಗೆ ಅದೇ ಗೋಡೆ ನಸುನೇರಳೆಯಾಗಿತ್ತು.

ಅಂಗಡಿಯ ಯಂತ್ರದಲ್ಲಿ ಬೂದು ಬಣ್ಣ ತಯಾರಾಗುವುದನ್ನು ಹತ್ತಿರದಿಂದ ನೋಡಿದ ಮೇಲೆ ಇದರ ಕಾರಣ ನನಗೆ ಅರ್ಥವಾಯಿತು. ಬೇಸ್ ಎನ್ನುವ ಬಿಳಿ ಮೂಲಬಣ್ಣಕ್ಕೆ ಕಪ್ಪಿನ ಜೊತೆ ಹಳದಿ, ಕೆಂಪು, ನೀಲಿ ಅಥವಾ ಹಸಿರು ಬಣ್ಣದ್ರವ್ಯಗಳು ಹನಿಗಳ ಲೆಕ್ಕದಲ್ಲಿ ಬೀಳುತ್ತವೆ. ಯಾವುದು ತುಸು ಹೆಚ್ಚಾಗಿ ಬಿದ್ದಿದೆಯೋ ಅದೇ ಆ ಬೂದಿನ ಒಳಛಾಯೆ. ಹಳದಿ ಗೋಡೆ ಯಾವ ಬೆಳಕಿನಲ್ಲಿಟ್ಟರೂ ಹಳದಿಯೆಂದೇ ಕರೆಸಿಕೊಳ್ಳುತ್ತದೆ. ಬೂದಿನಲ್ಲಿ ಬಣ್ಣದ ಅಂಶವೇ ಅಷ್ಟು ಕಡಿಮೆಯಿರುವುದರಿಂದ, ಬೆಳಕು ಸ್ವಲ್ಪ ನೀಲಿಗೋ ಕೆಂಪಿಗೋ ವಾಲಿದರೂ ಗೋಡೆಯ ಹೆಸರೇ ಬದಲಾಗಿಬಿಡುತ್ತದೆ.

ಆದ್ದರಿಂದ ಎರಡನೆಯ ಸಲ ನಾನು ಬಣ್ಣಕ್ಕಿಂತ ಮೊದಲು ದೀಪಗಳನ್ನು ಆರಿಸಿದೆ. ನಮ್ಮ ಕಡೆಯ ಬಹುಪಾಲು ಮನೆಗಳಲ್ಲಿರುವಂತೆ ನಮ್ಮಲ್ಲೂ ಇದ್ದದ್ದು 6500 ಕೆಲ್ವಿನ್ನಿನ ಬಿಳಿ ಎಲ್‌ಇಡಿ ಟ್ಯೂಬುಗಳು. ಕೆಲ್ವಿನ್ ಸಂಖ್ಯೆ ಹೆಚ್ಚಿದಷ್ಟೂ ಬೆಳಕು ನೀಲಿಯ ಕಡೆಗೆ, ಇಳಿದಷ್ಟೂ ಹಳದಿಯ ಕಡೆಗೆ ಸರಿಯುತ್ತದೆ. ಹಳೆಯ ಬುರುಡೆ ಬಲ್ಬಿನ ಬೆಳಕು ಸುಮಾರು 2700ರದ್ದು. 3000 ಕೆಲ್ವಿನ್ನಿನ ಬಲ್ಬನ್ನೇ ಎಲ್ಲ ಕಡೆ ಹಾಕಿ ನೋಡಿದಾಗ ನೀಲಿ ಹೋಯಿತು, ಆದರೆ ಬೂದು ಮಾಸಿದ ಕೆನೆಬಣ್ಣದಂತಾಯಿತು. ಕೊನೆಗೆ ಚಾವಣಿಗೆ 4000 ಕೆಲ್ವಿನ್ನಿನ ಟ್ಯೂಬುಗಳನ್ನೂ ಓದುವ ಕುರ್ಚಿಯ ಪಕ್ಕಕ್ಕೆ 3000ದ ಒಂದು ದೀಪವನ್ನೂ ಇಟ್ಟುಕೊಂಡೆ. ಡಬ್ಬದ ಮೇಲೆ ಸಿಆರ್‌ಐ 90 ಎಂದಿರುವುದನ್ನೇ ಹುಡುಕಿ ತಂದೆ. ಬಣ್ಣಗಳನ್ನು ದೀಪ ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ ಅದು, ಸಾಮಾನ್ಯ ಎಲ್‌ಇಡಿಗಳಲ್ಲಿ 80ರ ಆಸುಪಾಸಿನಲ್ಲಿರುತ್ತದೆ. ಬೆಲೆ ಹೆಚ್ಚಾದರೂ ಈ ಖರ್ಚು ಮಾಡಲೇಬೇಕಾದದ್ದೆಂದು ನನ್ನ ಅಭಿಪ್ರಾಯ.

ಹಗಲಿನ ಬೆಳಕಿನ ಬಗ್ಗೆ ಒಂದು ಮಾತನ್ನು ವಿವರವಾಗಿ ಹೇಳಬೇಕು. ಉತ್ತರದ ಕಿಟಕಿಯಿಂದ ಬರುವುದು ಆಕಾಶದ ತಂಪು ನೀಲಿ ಬೆಳಕು, ನೇರ ಬಿಸಿಲಲ್ಲ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅದು ಯುರೋಪಿಗೆ, ಅಮೆರಿಕಕ್ಕೆ ಹೊಂದುವ ಮಾತು. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಇಲ್ಲಿ ನಡುಹಗಲಿನ ಸೂರ್ಯನೂ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ನಡುಹಗಲಿನ ಬಿಸಿಲನ್ನು ಸಜ್ಜಾ ತಡೆಯುತ್ತದೆ. ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಮಾತ್ರ ಉತ್ತರದ ಕಿಟಕಿಯಿಂದಲೇ ಒಳಗೆ ಬಂದು ನೆಲದ ಮೇಲೆ ಬೀಳುತ್ತದೆ. ಡಿಸೆಂಬರಿನಲ್ಲಿ ಆ ಕಿಟಕಿಗಳಿಂದ ಒಂದು ಎಳೆ ಬಿಸಿಲೂ ಬರುವುದಿಲ್ಲ. ಹಾಗಾಗಿ ನಮ್ಮ ಗೋಡೆಗೆ ಬೇಸಿಗೆಯದೊಂದು ಬೂದು, ಚಳಿಗಾಲದ್ದೊಂದು ಬೂದು. ಮಳೆಗಾಲದ ಮೋಡದ ಬೆಳಕಿನಲ್ಲಿ ಮೂರನೆಯದು.

ಒಳಬಂದ ಬಿಸಿಲು ಕೆಂಪು ನೆಲಕ್ಕೆ ಬಿದ್ದು, ಅದರ ಕೆಂಪನ್ನು ಗೋಡೆಯ ಕೆಳಭಾಗಕ್ಕೆ ಹೊತ್ತೊಯ್ಯುತ್ತದೆ. ನೀಲಿ ಛಾಯೆಯ ಬೂದಿಗೆ ಆ ಕೆಂಪು ಸೇರಿದ್ದರಿಂದಲೇ ಮೊದಲ ಸಲದ ನೇರಳೆ ಹುಟ್ಟಿದ್ದು. ಹಾಗಿದ್ದರೆ ತುಸು ಹಸಿರಿಗೆ ವಾಲಿದ ಬೂದನ್ನು ಬಳಿದರೆ, ನೆಲದ ಕೆಂಪು ಆ ಹಸಿರನ್ನು ನುಂಗಿ ಗೋಡೆ ಅಪ್ಪಟ ಬೂದಾಗಿ ಕಾಣಬೇಕಲ್ಲವೇ ಎಂಬ ಯೋಚನೆ ಬಂತು.

ಪರೀಕ್ಷಿಸಲು ಎರಡಡಿ ಅಗಲ, ಎರಡಡಿ ಉದ್ದದ ಐದು ಹಾರ್ಡ್‌ಬೋರ್ಡ್ ತುಂಡುಗಳನ್ನು ತಂದು, ಪ್ರೈಮರ್ ಹೊಡೆದು, ಸುತ್ತ ಎರಡಂಗುಲ ಬಿಳಿ ಅಂಚು ಬಿಟ್ಟು, ಐದು ಬೂದುಗಳನ್ನು ಎರಡೆರಡು ಕೋಟು ಬಳಿದೆ. ಹಳೆಯ ಗೋಡೆಯ ನೀಲಿ ಕಣ್ಣಿಗೆ ತಾಗಿ ಹೊಸ ಬಣ್ಣವನ್ನು ಹಳದಿಯಾಗಿ ತೋರಿಸಬಾರದೆಂದು ಆ ಬಿಳಿ ಅಂಚು. ಎಮಲ್ಷನ್ ಒಣಗಿದ ಮೇಲೆ ತುಸು ಗಾಢವಾಗುವುದರಿಂದ ಒಂದು ದಿನ ಕಾದು, ಬೋರ್ಡುಗಳನ್ನು ಒಮ್ಮೆ ಮೂಲೆಯಲ್ಲಿ, ಒಮ್ಮೆ ಕಿಟಕಿಯ ಎದುರು, ಒಮ್ಮೆ ನೆಲಕ್ಕೆ ತಾಗಿಸಿ ನಿಲ್ಲಿಸಿ, ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ, ಸಂಜೆ ಐದಕ್ಕೆ, ದೀಪ ಹಾಕಿದ ಮೇಲೆ, ಹೀಗೆ ಒಂದು ವಾರ ನೋಡಿದೆ. ಒಂದನ್ನೇ ನೋಡಿದರೆ ಯಾವ ಬೂದಿನ ಒಳಛಾಯೆಯೂ ತಿಳಿಯುವುದಿಲ್ಲ. ಎರಡನ್ನು ಅಂಚಿಗೆ ಅಂಚು ಕೂಡಿಸಿದ ತಕ್ಷಣ ಒಂದು ಹಸಿರು, ಇನ್ನೊಂದು ಗುಲಾಬಿ ಎಂದು ಕಾಣುತ್ತದೆ. ಹೋಲಿಕೆಗೆ ಎ4 ಹಾಳೆ ಹಿಡಿಯುವವರಿದ್ದಾರೆ. ಬಿಳಿ ಪಂಚೆಗೆ ನೀಲಿ ಹಾಕಿದಂತೆ ಆ ಹಾಳೆಗೂ ಬಿಳುಪೇರಿಸುವ ರಾಸಾಯನಿಕ ಬೆರೆಸಿರುತ್ತಾರೆ, ಹಗಲಿನಲ್ಲಿ ಅದರ ಬಿಳುಪೇ ನೀಲಿಗೆ ವಾಲುತ್ತದೆ. ಅದಕ್ಕೇ ನಾನು ಪ್ರೈಮರಿನ ಬಿಳಿಯನ್ನು ನೆಚ್ಚಿಕೊಂಡೆ.

ನೆಲಕ್ಕೆ ತಾಗಿಸಿ ಇಟ್ಟಾಗ ಹಸಿರು ಛಾಯೆಯ ಬೋರ್ಡು ನಾನೆಣಿಸಿದಂತೆಯೇ ಶಾಂತವಾದ ಬೂದಾಯಿತು. ಅದೇ ಬೋರ್ಡು ಪಶ್ಚಿಮದ ಕಿಟಕಿಯ ಹತ್ತಿರ, ಮಾವಿನ ಎಲೆಗಳಿಂದ ಸೋಸಿ ಬರುವ ಬೆಳಕಿನಲ್ಲಿ ಪಾಚಿಗಟ್ಟಿದಂತೆ ಕಂಡಿತು. ಅದಕ್ಕಿಂತ ಹಸಿರು ಕಡಿಮೆಯಿದ್ದು, ಹಳದಿಯ ಸ್ಪರ್ಶ ತುಸು ಹೆಚ್ಚಿದ್ದ ನಾಲ್ಕನೆಯ ಬೋರ್ಡು ಎರಡೂ ಕಡೆ ನಿಂತಿತು. ಬೆಳಕನ್ನು ಮರಳಿ ಚೆಲ್ಲುವ ಪ್ರಮಾಣವಾದ ಎಲ್‌ಆರ್‌ವಿ, ಕಂಪನಿಯ ಪಟ್ಟಿಯಲ್ಲಿ ಅದಕ್ಕೆ 60 ಎಂದಿತ್ತು. 45ರ ಬೂದು ಮಳೆಗಾಲದ ಮಧ್ಯಾಹ್ನ ಕೋಣೆಯನ್ನು ಮಂಕಾಗಿಸಿದ್ದನ್ನು ಬೋರ್ಡಿನಲ್ಲೇ ನೋಡಿದ್ದರಿಂದ ನನಗೆ ಅನುಮಾನ ಉಳಿಯಲಿಲ್ಲ. ಹೊಳಪಿಲ್ಲದ ಮ್ಯಾಟ್ ಎಮಲ್ಷನ್ನನ್ನೇ ಬಳಿಸಿದೆ.

ಆರು ತಿಂಗಳ ಮೇಲೆ ಸೋಫಾ ತಾಗಿ ಗೋಡೆ ಒಂದು ಕಡೆ ಕಿತ್ತುಬಂತು. ಬೇರೆ ಕಂಪನಿಯ ಬಣ್ಣವನ್ನು ಅದೇ ಶೇಡಿಗೆ ಹೊಂದಿಸಿ ತಂದು ತೇಪೆ ಹಾಕಿಸಿದೆವು. ಹಗಲಿನಲ್ಲಿ ಗುರುತೇ ಸಿಗದ ತೇಪೆ, ರಾತ್ರಿ ದೀಪದಡಿ ಅಂಗೈಯಗಲ ಗುಲಾಬಿಯಾಗಿ ಎದ್ದು ಕಾಣುತ್ತಿತ್ತು. ಬೇರೆ ಬೇರೆ ಬಣ್ಣದ್ರವ್ಯಗಳಿಂದ ಮಾಡಿದ ಎರಡು ಬೂದುಗಳು ಒಂದು ಬೆಳಕಿನಲ್ಲಿ ಕೂಡಿ ಇನ್ನೊಂದರಲ್ಲಿ ಅಗಲುತ್ತವೆ. ಮೂಲದ ಬಣ್ಣವನ್ನೇ ಮತ್ತೆ ಒಂದು ಲೀಟರ್ ಮಾಡಿಸಿ, ಆ ಗೋಡೆಯನ್ನು ಮೂಲೆಯಿಂದ ಮೂಲೆಗೆ ಬಳಿಸಿದೆ. ಉಳಿದ ಬಣ್ಣದ ಡಬ್ಬದ ಮುಚ್ಚಳದ ಮೇಲೆ ಶೇಡ್ ನಂಬರ್, ಬೇಸ್ ಮತ್ತು ತಾರೀಖನ್ನು ಬರೆದು, ಆ ನಾಲ್ಕನೆಯ ಬೋರ್ಡಿನ ಜೊತೆ ಅಟ್ಟದ ಮೇಲೆ ಇಟ್ಟಿದ್ದೇನೆ.