ಭಾನುವಾರದ ಸಂಪರ್ಕ ತರಗತಿಗೆ ಗುರುವಾರವೇ ಸಿದ್ಧತೆ

ಪಾಠದ ವಿಡಿಯೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಭಾನುವಾರ ಅದೇ ಪಾಠವನ್ನು ಮತ್ತೆ ಓದಿ ಹೇಳುವುದೇ ಮಿಶ್ರ ಕಲಿಕೆ (ಮನೆಯ ಕಲಿಕೆಯನ್ನೂ ತರಗತಿಯ ಕಲಿಕೆಯನ್ನೂ ಬೆಸೆಯುವ ವಿಧಾನ) ಎಂದು ದೂರಶಿಕ್ಷಣದ ಹಲವು ಬೋಧಕರು ತಿಳಿದಿದ್ದಾರೆ. ದೂರಶಿಕ್ಷಣದ ವಿದ್ಯಾರ್ಥಿಗಳು ಬೋಧಕರನ್ನು ಮುಖಾಮುಖಿ ಕಾಣುವ ಬಳ್ಳಾರಿಯ ಸಂಪರ್ಕ ತರಗತಿಗಳಲ್ಲಿ ಇದರ ಫಲವನ್ನು ಕಂಡಿದ್ದೇನೆ: ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಸ್ ಹತ್ತಿ ಬಂದವರು ತೂಕಡಿಸುತ್ತಾರೆ; ಮನೆಯಲ್ಲಿ ಓದಿಕೊಂಡು ಬಂದವರು ಮುಂದಿನ ವಾರ ಓದುವುದನ್ನೇ ಬಿಡುತ್ತಾರೆ.

ಮೊದಲು ಘಟಕವನ್ನು ವಿಂಗಡಿಸಿಕೊಳ್ಳಿ: ಓದಿದರೆ ತಿಳಿಯುವಂಥದ್ದು ಮನೆಗೆ, ವಿದ್ಯಾರ್ಥಿಗಳು ಎಡವುವಂಥದ್ದು ತರಗತಿಗೆ. ಮನೆಯ ಭಾಗಕ್ಕೆ ಎಂಟು ನಿಮಿಷ ಮೀರದ ಧ್ವನಿಪಾಠವನ್ನು, ಫ್ಯಾನ್ ಆರಿಸಿ, ಫೋನಿನಲ್ಲಿಯೇ ಮುದ್ರಿಸಿ. ವಿಡಿಯೊ ಬೇಡ, ಅದು ನೂರಾರು ಎಂಬಿ ನುಂಗುತ್ತದೆ, ಧ್ವನಿ ಐದಾರು ಎಂಬಿಯಲ್ಲಿ ಮುಗಿಯುತ್ತದೆ. ಅಗ್ಗದ ಕಾಲರ್ ಮೈಕುಗಳನ್ನೂ ಕೊಳ್ಳಬೇಡಿ, ಮಾತಿಗಿಂತ ಅಂಗಿಯ ಸರಬರ ಸದ್ದೇ ಅವುಗಳಲ್ಲಿ ಹೆಚ್ಚು ಕೇಳಿಸುತ್ತದೆ. 2017ರಲ್ಲಿ ಆರಂಭವಾದ, ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ "ಸ್ವಯಂ"ನ ಕೋರ್ಸುಗಳಲ್ಲಿ ವಿಡಿಯೊ, ಓದುವ ಸಾಮಗ್ರಿ, ಸ್ವಪರೀಕ್ಷೆ, ಚರ್ಚೆ ಎಂಬ ನಾಲ್ಕು ಅಂಗಗಳಿವೆ; ಮೊದಲೆರಡು ಸಿದ್ಧವಾಗಿ ಸಿಗುತ್ತವೆ, ಬೋಧಕರ ಕೌಶಲ ಬೇಕಾಗುವುದು ಉಳಿದೆರಡಕ್ಕೆ.

ಕೆಲಸ ಕೆಡುವುದೂ ಅಲ್ಲಿಯೇ. ಗುರುವಾರ ಒಂದೇ ಪ್ರಶ್ನೆ ಕಳುಹಿಸಿ, ಕಾರಣಸಹಿತ ಎರಡು ಸಾಲಿನ ಉತ್ತರ ಕೇಳಿ. ಉದಾಹರಣೆಗೆ, ಅರ್ಥಶಾಸ್ತ್ರದಲ್ಲಿ: "ಗಂಗಾವತಿಯ ಸೋನಾ ಮಸೂರಿಯ ಬೆಲೆ ಇಳಿದು ಹೆಚ್ಚು ಅಕ್ಕಿ ಮಾರಾಟವಾಯಿತು, ಬೇಡಿಕೆ ರೇಖೆ ಬಲಕ್ಕೆ ಸರಿಯಿತೇ?" ಬೇಡಿಕೆ ರೇಖೆ ಎಂದರೆ ಯಾವ ಬೆಲೆಗೆ ಎಷ್ಟು ಕೊಳ್ಳುತ್ತಾರೆಂದು ತೋರಿಸುವ ಗೆರೆ. ಬಹುತೇಕರು ಹೌದೆಂದು ಬರೆಯುತ್ತಾರೆ. ಸರಿಯುವುದಿಲ್ಲ, ಅಕ್ಕಿಯ ಬೆಲೆಯೇ ಬದಲಾದಾಗ ಅದೇ ರೇಖೆಯ ಮೇಲೆ ಕೆಳಗಿಳಿಯುತ್ತೇವೆ, ಕೊಳ್ಳುವವರ ಆದಾಯ, ಅಭಿರುಚಿಯಂಥ ಬೇರೆ ಅಂಶ ಬದಲಾದರೆ ಮಾತ್ರ ರೇಖೆ ಸರಿಯುತ್ತದೆ. ಶನಿವಾರ ರಾತ್ರಿ ಉತ್ತರಗಳನ್ನು ಅಂಕದ ಪ್ರಕಾರವಲ್ಲ, ತಪ್ಪಿನ ಬಗೆಯ ಪ್ರಕಾರ ಗುಂಪು ಮಾಡಿ: "ಬೇಡಿಕೆ ಹೆಚ್ಚಿತು" ಎಂಬ ಸಂತೆಮಾತಿಗೆ ಮರುಳಾದವರು ಒಂದೆಡೆ, ರೇಖೆಯನ್ನು ಒಮ್ಮೆಯೂ ಕೈಯಾರೆ ಎಳೆಯದವರು ಇನ್ನೊಂದೆಡೆ. ಬಹು ಆಯ್ಕೆಯ ಗೂಗಲ್ ಫಾರ್ಮ್ ಸಮಯ ಉಳಿಸುತ್ತದೆ ನಿಜ, ಆದರೆ ಯಾರು ತಪ್ಪಿದರೆಂದು ಹೇಳುತ್ತದೆಯೇ ಹೊರತು ಏಕೆ ತಪ್ಪಿದರೆಂದು ಹೇಳುವುದಿಲ್ಲ.

ಭಾನುವಾರ ಹಾಜರಿಗೂ ಮುನ್ನ ಒಂದು ತಪ್ಪು ಉತ್ತರವನ್ನು, ಹೆಸರು ಹೇಳದೆ, ಹಲಗೆಯ ಮೇಲೆ ಬರೆಯಿರಿ. ಇಬ್ಬಿಬ್ಬರು ಕೂಡಿ ವಾದಿಸಲಿ. ಐದು ನಿಮಿಷ ನೀವು ಬಾಯಿ ತೆರೆಯಬೇಡಿ. ಉತ್ತರ ಕಳುಹಿಸದವರನ್ನು ಗದರದೆ ರೇಖೆ ಎಳೆಯಲು ಅವರನ್ನೇ ಕರೆಯಿರಿ.

ಅಸೈನ್‌ಮೆಂಟ್ ಮೇಲೆ "ಉತ್ತಮ" ಎಂದಷ್ಟೇ ಗೀಚದೆ ತಿದ್ದಬೇಕಾದ ಒಂದು ಸಾಲನ್ನು ಸೂಚಿಸಿ. ಹಲಗೆ ಒರೆಸುವ ಮುನ್ನ ಫೋಟೊ ತೆಗೆದು, ನಾಟಿಯ ಕೆಲಸದಿಂದ ಬರಲಾಗದ ಸಿರುಗುಪ್ಪದವರಿಗೆ ಅದೇ ಸಂಜೆ ಕಳುಹಿಸಿ.