ಹಳೆ ದೆವ್ವದ ಸಿನಿಮಾದ ಫೋಟೊ ಸಿಕ್ಕರೆ ಮೊದಲು ಬೆನ್ನು ನೋಡಿ

ಹಳೆ ದೆವ್ವದ ಸಿನಿಮಾದ ಪ್ರಚಾರದ ಫೋಟೊ ಕೈಗೆ ಸಿಕ್ಕಿದ ಕೂಡಲೇ ಮಗುಚಿ ಹಾಕಿ. ವಯಸ್ಸು ಗೊತ್ತಾಗುವುದು ಬೆನ್ನಲ್ಲಿ.

ಕುಂಬಳೆಯ ಒಂದು ಗುಜರಿ ಅಂಗಡಿಗೆ ಮುಚ್ಚಿದ ಟಾಕೀಸಿನ ಸಾಮಾನು ಬಂದಿತ್ತು. ರಟ್ಟಿನ ಪೆಟ್ಟಿಗೆಯ ತಳದಲ್ಲಿ 'ಭಾರ್ಗವಿ ನಿಲಯಂ'ನ ಒಂದು ಕಪ್ಪುಬಿಳುಪು ಫೋಟೊ. 1964ರ ಮಲಯಾಳಂ ದೆವ್ವದ ಸಿನಿಮಾ, ಸಾಹಿತಿ ವೈಕಂ ಮುಹಮ್ಮದ್ ಬಷೀರರ ಕಥೆ, ಎ. ವಿನ್ಸೆಂಟ್ ನಿರ್ದೇಶಿಸಿದ ಮೊದಲ ಸಿನಿಮಾ. ನಾಲ್ಕು ಮೂಲೆಯಲ್ಲೂ ಪಿನ್ನಿನ ತೂತು, ತೂತಿನ ಸುತ್ತ ತುಕ್ಕಿನ ಕಂದು ಉಂಗುರ. ಇಂಥದ್ದನ್ನು ಹಾಳಾಗಿದೆ ಅಂತ ಬಿಡಬೇಡಿ, ಟಾಕೀಸಿನ ಗಾಜಿನ ಪೆಟ್ಟಿಗೆಯೊಳಗೆ ಚುಚ್ಚಿದ ಗುರುತು ಅದು, ನನಗಂತೂ ಅದಿದ್ದರೆ ಖುಷಿ ಜಾಸ್ತಿ.

ಹಾಲಿವುಡ್ಡಿನ ಫೋಟೊ ಸಾಮಾನ್ಯವಾಗಿ 8ಕ್ಕೆ 10 ಇಂಚು. ಟಾಕೀಸಿನ ಒಳಗೆ ಪ್ರಚಾರಕ್ಕೆ ಹಾಕುತ್ತಿದ್ದ ಅಚ್ಚಿನ ಲಾಬಿ ಕಾರ್ಡ್ 11ಕ್ಕೆ 14. ಭೂತಗನ್ನಡಿಯಲ್ಲಿ ಸಾಲು ಸಾಲು ಚುಕ್ಕಿ ಕಂಡರೆ ಅದು ಅಚ್ಚು ಹಾಕಿದ್ದು, ಫೋಟೊ ಅಲ್ಲ.

ಒಬ್ಬರು ನನಗೆ 1931ರ 'ಡ್ರಾಕುಲಾ'ದ ಅಸಲಿ ಫೋಟೊ ಅಂತ ಮಾರಿದ್ದರು. ರಾತ್ರಿ ಲೈಟು ಆರಿಸಿ ಬೆನ್ನಿಗೆ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಟ್ಟೆ, ಕಾಗದ ನೀಲಿಯಾಗಿ ಹೊಳೆಯಿತು. ತುಂಬಾ ಬೇಸರವಾಯಿತು. ಕಾಗದ ಬೆಳ್ಳಗೆ ಕಾಣಲಿ ಅಂತ ಸೇರಿಸುವ ರಾಸಾಯನಿಕ ಫೋಟೊ ಕಾಗದಕ್ಕೆ ಬಂದದ್ದೇ 1950ರ ದಶಕದಲ್ಲಿ, ಹಾಗಾಗಿ ಅದು ಆಮೇಲೆ ತೆಗೆದ ಪ್ರತಿ. ಆದರೆ 1964ರ ಕಾಗದ ಹೊಳೆದರೆ ಗಾಬರಿ ಬೇಡ. ಹೊಳೆಯದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ, ಫೋಟೊವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ: ತುಂಬಾ ಹಳೆಯದರಲ್ಲಿ ಕಪ್ಪು ಜಾಗದ ಮೇಲೆ ಎಷ್ಟೋ ಸಲ ಬೆಳ್ಳಿಯ ಪೊರೆ ಕಾಣುತ್ತದೆ. ಬೆನ್ನಿಗೆ ಟೈಪ್ ಮಾಡಿದ ಚೀಟಿ ಅಂಟಿದ್ದರೆ ಕೀಳಬೇಡಿ, ಸ್ಟುಡಿಯೋದವರು ಪತ್ರಿಕೆಗೆ ಕಳಿಸುವಾಗ ಅಂಟಿಸುತ್ತಿದ್ದ ವಿವರ ಅದು.

ಇನ್ನು ನಮ್ಮ ಕಾಸರಗೋಡಿನ ಮಳೆಗಾಲ. ಜೂನಿನಲ್ಲಿ ಶುರುವಾದರೆ ಗೋಡೆಯೇ ಬೆವರುತ್ತದೆ, ಫೋಟೊಕ್ಕೆ ಬೂಷ್ಟು ಹಿಡಿಯಲು ಒಂದೆರಡು ವಾರ ಸಾಕು. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಮತ್ತೆ ಬಿಡಿಸಲಿಕ್ಕಾಗುವುದಿಲ್ಲ. ಪಿವಿಸಿ ಕವರೂ ಬೇಡ, ಪಾಲಿಯೆಸ್ಟರ್ ಕವರ್ ಕೇಳಿ ತನ್ನಿ. ಒಂದು ಕವರಿಗೆ ಒಂದೇ ಫೋಟೊ. ಹೊರಗೋಡೆಗೆ ತಾಗದ ಕಪಾಟಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಅಟ್ಟದಲ್ಲಿ ಬೇಡ. ಒಂದಕ್ಕೊಂದು ಅಂಟಿಕೊಂಡದ್ದು ಸಿಕ್ಕರೆ ಎಳೆಯಬೇಡಿ, ಚಿತ್ರದ ಪದರವೇ ಕಿತ್ತು ಬರುತ್ತದೆ.

ಯಾವ ಊರಲ್ಲಿ ಸಿಕ್ಕಿತು, ಯಾವ ಟಾಕೀಸಿನದ್ದು ಅಂತ ಬೇರೆ ಕಾಗದದಲ್ಲಿ ಪೆನ್ಸಿಲಿನಿಂದ ಬರೆದು ಕವರಿನ ಜೊತೆಗೇ ಇಡಿ. ಕೊಟ್ಟವರನ್ನು ಅವತ್ತೇ ಕೇಳಿ.