ಕೈಯಲ್ಲಿ ಕೊಡೆ, ಹಾಲಿನ ಕ್ಯಾನ್. ಸೊಂಟದಲ್ಲಿ ನಾಯಿಯ ಹಗ್ಗ

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಚೆರ್ಕಳ–ಕಲ್ಲಡ್ಕ ರಸ್ತೆಯಿಂದ ಸ್ವಲ್ಪ ಒಳಗೆ. ಬೆಳಿಗ್ಗೆ ಆರೂವರೆಗೆ ಹಾಲಿನ ಸೊಸೈಟಿಗೆ ಹೊರಡಬೇಕು. ಒಂದು ಕೈಯಲ್ಲಿ ಹಾಲಿನ ಕ್ಯಾನ್, ಜೂನ್ ಬಂತೆಂದರೆ ಇನ್ನೊಂದು ಕೈಯಲ್ಲಿ ಕೊಡೆ. ಕಾಳುವಿನ ವಾಕಿಂಗೂ ಅದೇ ಹೊತ್ತಿಗೆ. ಅವನು ನಾಡು ನಾಯಿ, 18 ಕೆ.ಜಿ. ತೂಗುತ್ತಾನೆ. ರಸ್ತೆಯಲ್ಲಿ ಬಸ್ಸು, ಲಾರಿ, ಪೇಟೆಯ ನಾಯಿಗಳ ಗುಂಪು. ಅವನನ್ನು ಬಿಟ್ಟುಕೊಂಡು ಹೋಗುವ ಹಾಗಿಲ್ಲ.

ಹಾಗಾಗಿ ಮೊದಲು ಮಾಡಿದ್ದು ಸುಲಭದ ಕೆಲಸ. ಹಟ್ಟಿಯಲ್ಲಿದ್ದ ನೈಲಾನ್ ಹಗ್ಗವನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿಕೊಂಡೆ. ಎರಡು ವಾರ ಏನೂ ಆಗಲಿಲ್ಲ. ಆಟಿ ತಿಂಗಳ (ಜುಲೈ–ಆಗಸ್ಟ್) ಒಂದು ಬೆಳಿಗ್ಗೆ, ತೋಡಿನ ಮೇಲಿನ ಕಾಲುಸಂಕದ ನಡುವೆ ಇದ್ದೆ. ಸಂಕ ಅಂದರೆ ಎರಡು ಅಡಿಕೆ ಮರ ಅಷ್ಟೆ, ಮೇಲೆ ಪಾಚಿ. ಆಚೆ ದಡದಲ್ಲಿ ಮುಂಗುಸಿ ಓಡಿತು, ಕಾಳು ಹಾರಿದ. ನಾನು ತೋಡಿಗೆ ಬಿದ್ದೆ. ನೀರು ಮೊಣಕಾಲಿನಷ್ಟೇ ಇತ್ತು, ಆದರೆ ಏಳಲು ಆಗಲಿಲ್ಲ. ಅವನು ಎಳೆದಷ್ಟೂ ಒದ್ದೆ ಗಂಟು ಬಿಗಿಯಾಗುತ್ತಿತ್ತು. ಬೊಬ್ಬೆ ಕೇಳಿ ಓಡಿ ಬಂದ ಪಕ್ಕದ ಮನೆಯ ಅಣ್ಣ ಕತ್ತಿಯಿಂದ ಹಗ್ಗ ಕತ್ತರಿಸಿದರು. "ಅಕ್ಕ, ನಾಯಿಯನ್ನು ಕಟ್ಟಿಕೊಳ್ಳುವುದಾದರೆ ಬಿಚ್ಚುವ ದಾರಿಯನ್ನೂ ಇಟ್ಟುಕೊಳ್ಳಿ," ಅಂದರು.

ಆಮೇಲೆ ನಾಯಿಯ ಹಗ್ಗ ಸಿಕ್ಕಿಸುವ ಸೊಂಟದ ಬೆಲ್ಟ್ ಹುಡುಕುವಾಗ ನಾನು ನೋಡಿದ್ದು ಮೊದಲು ಅದನ್ನೇ. ಒದ್ದೆಯಾದ ಒಂದೇ ಕೈಯಲ್ಲಿ, ನಾಯಿ ಎಳೆಯುತ್ತಿರುವಾಗಲೇ, ಇದು ಬಿಚ್ಚುತ್ತದಾ?

ಇಲ್ಲಿ ಒಂದು ವಿಷಯ ಜಾಸ್ತಿ ಜನರಿಗೆ ಗೊತ್ತಿರುವುದಿಲ್ಲ. ಹಗ್ಗದ ತುದಿಯ ಕೊಕ್ಕೆಯನ್ನು ಬಿಚ್ಚಬೇಕಾದರೆ ಹಗ್ಗ ಸ್ವಲ್ಪ ಸಡಿಲವಾಗಬೇಕು. ನಾಯಿ ಜಗ್ಗುತ್ತಿದ್ದರೆ ಸಡಿಲ ಎಲ್ಲಿಂದ ಬರಬೇಕು? ಅದಕ್ಕೆ ಬಿಚ್ಚುವ ಜಾಗ ಬೆಲ್ಟಿನಲ್ಲೇ ಇರಬೇಕು. ಶಾಲೆ ಬ್ಯಾಗಿನಲ್ಲಿ ಇರುತ್ತದಲ್ಲ, ಎರಡು ಬದಿ ಒತ್ತಿದರೆ ಬಿಡುವ ಪ್ಲಾಸ್ಟಿಕ್ ಬಕಲ್, ಅಂಥದ್ದು ಸ್ವಲ್ಪ ದೊಡ್ಡದು ಬೇಕು. ಮನೆಗೆ ತಂದ ಮೇಲೆ ಮಗನ ಹತ್ತಿರ ಹಗ್ಗ ಕೊಟ್ಟು ಜೋರಾಗಿ ಎಳೆಯಲು ಹೇಳಿದೆ. ಕೈ ಒದ್ದೆ ಮಾಡಿಕೊಂಡು ಎಡಗೈಯಲ್ಲಿ ಬಿಚ್ಚಿದೆ, ಬಲಗೈಯಲ್ಲೂ ಬಿಚ್ಚಿದೆ. ಮೊದಲು ತಂದ ಬೆಲ್ಟ್ ಇದರಲ್ಲೇ ಸೋತಿತು. ಬಕಲ್ ಬೆನ್ನಿನ ಕಡೆ ಇತ್ತು, ಕೈಗೇ ಸಿಗಲಿಲ್ಲ.

ಬೆಲ್ಟ್ ಎಲ್ಲಿ ಕೂರುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ಹೊಕ್ಕುಳ ಮಟ್ಟದಲ್ಲಿ ಕಟ್ಟಿದರೆ ಎಳೆತ ಬೆನ್ನಿಗೆ ಬೀಳುತ್ತದೆ, ನಾವು ಮುಂದಕ್ಕೆ ಬಾಗಿಬಿಡುತ್ತೇವೆ. ಕೆಳಗೆ, ಸೊಂಟದ ಮೂಳೆಯ ಮೇಲೆ ಕೂತರೆ ಕಾಲೂರಿ ನಿಲ್ಲಬಹುದು. ಸಪುರ ಪಟ್ಟಿ ಬೇಡ, ಚರ್ಮಕ್ಕೆ ಒತ್ತುತ್ತದೆ. ನನ್ನದು ಮೂರು ಇಂಚು ಅಗಲ. ಹಗ್ಗ ಸಿಕ್ಕಿಸುವ ಬಳೆ ಬೆಲ್ಟಿನ ಮೇಲೆ ಅತ್ತಿತ್ತ ಜಾರುವ ಹಾಗಿದ್ದರೆ ಇನ್ನೂ ಒಳ್ಳೆಯದು. ನಾಯಿ ಎಡದಿಂದ ಬಲಕ್ಕೆ ಬಂದರೆ ಹಗ್ಗ ನಮ್ಮ ಕಾಲಿಗೆ ಸುತ್ತಿಕೊಳ್ಳುವುದಿಲ್ಲ.

ಹಗ್ಗದ ಒಂದು ಭಾಗ ರಬ್ಬರಿನ ಹಾಗೆ ಹಿಗ್ಗುವಂಥದ್ದು ತೆಗೆದುಕೊಂಡೆ. ಅವನು ತಟ್ಟನೆ ಹಾರಿದರೂ ಪೆಟ್ಟು ಒಮ್ಮೆಗೇ ಸೊಂಟಕ್ಕೆ ಬರುವುದಿಲ್ಲ. ಆದರೆ ಹಿಗ್ಗಿದಾಗ ಹಗ್ಗ ಉದ್ದವಾಗುತ್ತದೆ ಅನ್ನುವುದು ನೆನಪಿರಬೇಕು. ರಸ್ತೆ ಬದಿಯಲ್ಲಿ ಅದು ಅಪಾಯ. ಅದಕ್ಕೆ ನಾಯಿಯ ಹತ್ತಿರವೇ ಇನ್ನೊಂದು ಹಿಡಿ ಇರುವ ಹಗ್ಗ ಬೇಕು. ಲಾರಿ ಬಂದಾಗ ಕ್ಯಾನ್ ಕೆಳಗಿಟ್ಟು ಆ ಹಿಡಿಯನ್ನು ಹಿಡಿದುಕೊಳ್ಳುತ್ತೇನೆ. ನಾಯಿ ಎಳೆದಷ್ಟೂ ಉದ್ದಕ್ಕೆ ಬಿಚ್ಚಿಕೊಳ್ಳುವ, ಸಡಿಲವಾದರೆ ಪೆಟ್ಟಿಗೆಯೊಳಗೆ ಸುತ್ತಿಕೊಳ್ಳುವ ಹಗ್ಗ ಸೊಂಟಕ್ಕೆ ಆಗುವುದಿಲ್ಲ.

ಕೊರಳಪಟ್ಟಿಗೆ ಕಟ್ಟುವುದನ್ನೂ ಬಿಟ್ಟೆ. ನನ್ನ ಇಡೀ ಭಾರ ಅವನ ಕುತ್ತಿಗೆಗೆ ಬೀಳಬಾರದು ಅಲ್ವಾ? ಎದೆಯ ಮೇಲೆ ಇಂಗ್ಲಿಷಿನ ವೈ ಅಕ್ಷರದ ಹಾಗೆ ಬರುವ ಹಾರ್ನೆಸ್, ಅಂದರೆ ಎದೆಪಟ್ಟಿ, ತಂದೆ. ಭುಜಕ್ಕೆ ಅಡ್ಡ ಬರುವುದಿಲ್ಲ. ಪಟ್ಟಿಯ ಅಡಿಯಲ್ಲಿ ಎರಡು ಬೆರಳು ತೂರಬೇಕು. ಅಷ್ಟು ಸಡಿಲ ಸಾಕು.

ಇನ್ನು ನಮ್ಮ ಮಳೆ. ಮೊದಲ ವರ್ಷದ ಬಟ್ಟೆಪಟ್ಟಿ ಒಣಗಲೇ ಇಲ್ಲ, ಬೂಸ್ಟು ಹಿಡಿದು ವಾಸನೆ ಬಂತು. ಕೊಕ್ಕೆಗೆ ಎರಡೇ ತಿಂಗಳಲ್ಲಿ ತುಕ್ಕು ಬಂತು, ಮುಚ್ಚುವ ನಾಲಿಗೆ ಅರ್ಧಕ್ಕೇ ನಿಲ್ಲತೊಡಗಿತು. ಈಗಿನ ಪಟ್ಟಿಗೆ ಮೇಲಿನಿಂದ ಪ್ಲಾಸ್ಟಿಕ್ ಲೇಪ ಇದೆ, ಒರೆಸಿದರೆ ಮುಗಿಯಿತು. ಕೊಕ್ಕೆ ಹಿತ್ತಾಳೆಯದು. ಅಂಗಡಿಗೆ ಹೋಗುವಾಗ ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತವನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಅಂಟಿದ ಕೊಕ್ಕೆಗಳನ್ನೆಲ್ಲ ಅಲ್ಲೇ ಬಿಟ್ಟೆ. ಮನೆಗೆ ಬಂದ ಕೂಡಲೇ ಹಾರ್ನೆಸ್ ಬಿಚ್ಚಿ, ಕಂಕುಳ ಒರೆಸಿ, ಉಣ್ಣಿ ನೋಡುತ್ತೇನೆ. ಒದ್ದೆ ಪಟ್ಟಿ ಹಾಗೇ ಇದ್ದರೆ ಅಲ್ಲಿ ಚರ್ಮ ಕೆಂಪಾಗುತ್ತದೆ.

ಬೆಲ್ಟ್ ಬಂದ ದಿನವೇ ರಸ್ತೆಗೆ ಇಳಿಯಲಿಲ್ಲ. ಹತ್ತು ದಿನ ಅಂಗಳದಲ್ಲೇ ಸುತ್ತಿದೆವು. ಹಗ್ಗ ಬಿಗಿಯಾದರೆ ನಾನು ನಿಲ್ಲುವುದು, ಸಡಿಲವಾದರೆ ನಡೆಯುವುದು. ಒಮ್ಮೆಯೂ ಗದರಲಿಲ್ಲ. ಅವನಿಗೆ ಬೇಗ ಅರ್ಥವಾಯಿತು. ಎಳೆದೇ ಎಳೆಯುವ ದೊಡ್ಡ ನಾಯಿಯಾಗಿದ್ದರೆ ನಾನು ಈ ಬೆಲ್ಟ್ ಕಟ್ಟುತ್ತಲೇ ಇರಲಿಲ್ಲ. ಮೊಣಕಾಲು ನೋವಿನ ನಮ್ಮ ಅತ್ತೆಗೂ ಕೊಡುವುದಿಲ್ಲ.

ಸಂಕದ ಹತ್ತಿರ ಮಾತ್ರ ಈಗಲೂ ಸೊಂಟದಿಂದ ಬೆಲ್ಟ್ ಬಿಚ್ಚುತ್ತೇನೆ. ಕಾಳುವಿನ ಹಗ್ಗ ತೆಗೆದು ಅವನನ್ನು ಮೊದಲು ಕಳುಹಿಸುತ್ತೇನೆ. ಆಮೇಲೆ ಕೊಡೆ ಮಡಚಿ, ಒಂದೊಂದೇ ಹೆಜ್ಜೆ ಇಟ್ಟು ದಾಟುತ್ತೇನೆ. ನಾನು ಮುಟ್ಟುವವರೆಗೆ ಅವನು ಆಚೆ ದಡದಲ್ಲಿ ಮಳೆಗೆ ನೆನೆಯುತ್ತಾ ಕೂತಿರುತ್ತಾನೆ.